ದೂರದೂರಿನ ದೂರು

ಫಾಲ್ಗುಣ ಮುಗಿಯುತ್ತ ಬಂದಂತೆ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಅದರ ಜೊತೆಗೆ ನನ್ನ ದೂರುಗಳೂ ಹಣ್ಣಾಗುತ್ತವೆ. ಆ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ, ಇನ್ವರ್ಟರು ಹತ್ತು ಗಂಟೆಗೇ ಕೈಚೆಲ್ಲಿತ್ತು, ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚಿತ್ತು. ಇವೆಲ್ಲವನ್ನೂ ಯಾರಿಗೆ ಹೇಳಲಿ ಎಂದು ಫೋನು ಹಿಡಿದು ಜಗಲಿಯ ಮೇಲೆ ಕುಳಿತಿದ್ದಾಗ ಎದುರಿನ ಬೇವಿನ ಮರದಡಿ ಶ್ರೀಶೈಲದ ಪಾದಯಾತ್ರೆಯವರ ಗುಂಪೊಂದು ಬಂದು ಕುಳಿತಿತು.

ಯುಗಾದಿಗೆ ಮಲ್ಲಯ್ಯನನ್ನು ಕಾಣಲೆಂದು ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಹೀಗೆ ನಡೆದು ಹೋಗುವುದು ನಮಗೆ ಹೊಸತಲ್ಲ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಹಿಡಿದು ನಿಂತಿರುತ್ತಾರೆ. ನಾನೂ ಒಂದು ಕೊಡ ನೀರು ಒಯ್ದೆ. ಜಮಖಂಡಿ ಕಡೆಯ ಅಜ್ಜಿಯೊಬ್ಬರು ಅಂಗಾಲಿನ ಗುಳ್ಳೆಗೆ ಸೂಜಿ ಚುಚ್ಚಿ, ಒಳಗಿನ ನೀರು ಬಸಿದು ಹೋಗಲೆಂದು ದಾರದ ತುದಿಯನ್ನು ಅಲ್ಲಿಯೇ ಬಿಟ್ಟು, ಸೀರೆಗೆ ಹೊಲಿಗೆ ಹಾಕಿದಷ್ಟೇ ನಿರಾಳವಾಗಿ ಇನ್ನೊಂದು ಗುಳ್ಳೆಯನ್ನು ಹುಡುಕುತ್ತಿದ್ದರು. ನನ್ನ ಹಿಮ್ಮಡಿಯನ್ನು ನಾನು ಮೆಲ್ಲಗೆ ಪಂಚೆಯೊಳಗೆ ಎಳೆದುಕೊಂಡೆ.

“ಭಾಳ ನೋವು ಐತೇನ್ರಿ?” ಎಂದೆ.

“ನೋವು ಇರಲಾರದ ಏನ್ ಮಾಡೀತು ಯಪ್ಪಾ! ಎಲ್ಲಾ ಆ ಅಳಿಯಂದ ತಪ್ಪು. ಊರಾಗ ಜಾಗಾ ಸಿಗಲಿಲ್ಲೇನು ಅವಂಗ? ಕಾಡಿನ್ಯಾಗ, ಗುಡ್ಡದ ಮ್ಯಾಲ ಮನಿ ಮಾಡ್ಯಾನ. ಮಗಳ ಮಾರಿ ನೋಡಬೇಕಂದ್ರ ಕಾಲು ಸವದು ಹೋಗತಾವು.”

ಸುತ್ತಲಿನವರೆಲ್ಲ ಘೊಳ್ಳೆಂದು ನಕ್ಕರು. ಅಳಿಯನೆಂದರೆ ಮಲ್ಲಿಕಾರ್ಜುನ, ಮಗಳೆಂದರೆ ಭ್ರಮರಾಂಬೆ. ಅವಳು ನಮ್ಮ ಸೀಮೆಯ ಮನೆಮಗಳೆಂಬುದು ಈ ಜನರ ನಂಬಿಕೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯೂ ಅವನನ್ನೇ ಗಂಡನೆಂದು ಕರೆದು ಶ್ರೀಶೈಲಕ್ಕೆ ನಡೆದವಳಾದ್ದರಿಂದ, ಆ ಲೆಕ್ಕಕ್ಕೂ ಅವನು ಕನ್ನಡಿಗರ ಅಳಿಯನೇ. ಅಜ್ಜಿಯ ಗಂಟಿನಲ್ಲಿ ಮಗಳ ಉಡಿ ತುಂಬಲು ಇಳಕಲ್ ಸೀರೆ, ಕುಪ್ಪಸದ ಖಣ, ಅರಿಶಿನ ಕುಂಕುಮ ಇದ್ದವು. ಒಂದು ಪೊಟ್ಟಣದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಆತ್ಮಕೂರು ದಾಟಿದ ಮೇಲೆ ಬರುವ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು ಎಂದು ನಲ್ಲಮಲ ಕಾಡಿನ ತಾಣಗಳನ್ನು ಅವರು ಬೀಗರ ಓಣಿಯ ಮನೆಗಳಂತೆ ಎಣಿಸಿದರು.

ಭಕ್ತರು ಗೊಣಗುವುದಿಲ್ಲವೆಂದು ನಾನು ತಿಳಿದಿದ್ದೆ. ನೋಡಿದರೆ ಈ ಅಜ್ಜಿ ನನಗಿಂತ ಜೋರಾಗಿಯೇ ಗೊಣಗುತ್ತಿದ್ದರು. ಆದರೆ ಅವರ ದೂರಿಗೆ ಒಬ್ಬ ನೆಂಟನಿದ್ದ, ಅವನನ್ನು ಬೈಯುವ ಸಲುಗೆಯಿತ್ತು, ಬೈದ ಮೇಲೆ ಅವನಿಗೇ ಕೊಡಲು ರೊಟ್ಟಿಯೂ ಇತ್ತು. ನನ್ನ ದೂರನ್ನು ಕೇಳುವವಳು ಮಾತ್ರ ಕನ್ನಡಕ್ಕಾಗಿ ಒಂದನ್ನು ಒತ್ತಿರಿ ಎನ್ನುವ ಹೆಣ್ಣುದನಿ.

ಬಿಸಿಲು ಇಳಿದಾಗ ಅವರು ಎದ್ದರು. “ಅಳಿಯಗ ಏನರ ಹೇಳೂದೈತೇನು ಯಪ್ಪಾ?” ಎಂದು ಅಜ್ಜಿ ಕೇಳಿದರು. ಕರೆಂಟಿನ ಮಾತು ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. “ಏನಿಲ್ಲ, ನೀವು ಚಪ್ಪಲಿ ಹಾಕ್ಕೊಂಡು ಹೋಗ್ರಿ” ಎಂದೆ.

“ಅದನ್ನೂ ಹೇಳತೀನಿ ತಗೊ” ಎಂದು ನಗುತ್ತ, ಗಂಟನ್ನು ತಲೆಗೇರಿಸಿಕೊಂಡು ಬರಿಗಾಲಲ್ಲೇ ನಡೆದರು.