ಹಸಿರು ನೋಡಿ ಊರು ಆರಿಸಬೇಡಿ

ಮೊನ್ನೆ ಚಿಕ್ಕಮ್ಮನ ಮಗ ಆಂಧ್ರದ ಆದೋನಿಯಿಂದ ಫೋನ್ ಮಾಡಿದ್ದ. "ಅಕ್ಕಾ, ನಾವೂ ಆ ಕಡೆಗೇ ಬಂದುಬಿಡ್ತೀವಿ. ಸಿರುಗುಪ್ಪ ಹತ್ತಿರ ಯಾವ್ದಾದ್ರೂ ಹಳ್ಳಿ ನೋಡು. ಮೂರು ಎಕರೆ ಸಿಕ್ಕರೆ ತಗೊಂಡೇಬಿಡೋಣ" ಅಂದ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅವನ ಹಾಗೆ ಕೇಳುವವರು ನಮ್ಮ ಬಳಗದಲ್ಲೇ ನಾಲ್ಕೈದು ಜನ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಆದೋನಿ ಬಿಟ್ಟು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಹಳ್ಳಿಗೆ ಬಂದದ್ದು 2022ರ ಜೂನ್‌ನಲ್ಲಿ. ನಮ್ಮ ಯಜಮಾನರಿಗೆ ಇಲ್ಲಿನ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ನಮ್ಮ ಮನೆಮಾತು ಕನ್ನಡ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವ ತನಕ ಆದೋನಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇವೆ ಅಂತ ಅನ್ನಿಸಲೇ ಇಲ್ಲ. ಬಂದ ಮೇಲೆ ಗೊತ್ತಾಯಿತು, ಮಾತು ಒಂದೇ ಆದರೂ ಕಾಗದಪತ್ರ ಬೇರೆ.

ಬಳ್ಳಾರಿಯಲ್ಲೇ ಮನೆ ಮಾಡಿ ಅಂತ ತುಂಬಾ ಜನ ಹೇಳಿದ್ದರು. ನಾವು ಹಳ್ಳಿ ಆರಿಸಿಕೊಂಡೆವು. ಬಾಡಿಗೆ ಕಡಿಮೆ ಅನ್ನೋದು ಒಂದು ಕಾರಣ, ಆದರೆ ದೊಡ್ಡ ಕಾರಣ ಅದಲ್ಲ. ರಾಜ್ಯ ಬಿಟ್ಟು ಬಂದಾಗ ಮೊದಲು ಕಳೆದುಹೋಗುವುದು ನಮ್ಮನ್ನು ಬಲ್ಲವರು. ಹಳ್ಳಿಯಲ್ಲಿ ಅದು ಬೇಗ ವಾಪಸ್ ಸಿಗುತ್ತದೆ. ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಮಗನಿಗೆ ರಾತ್ರಿ ಜ್ವರ ಜಾಸ್ತಿಯಾಗಿ ಮೈ ನಡುಗುತ್ತಿತ್ತು. ಪಕ್ಕದ ಮನೆ ಅಜ್ಜಿ ತನ್ನ ಮೊಮ್ಮಗನನ್ನು ಎಬ್ಬಿಸಿ ಆಟೋ ಹೊರಡಿಸಿದಳು. ನನ್ನ ಹೆಸರು ಅವಳಿಗೆ ಆಗ ಇನ್ನೂ ಗೊತ್ತಿರಲಿಲ್ಲ. "ಆದೋನಿ ತಂಗಿ" ಅಂತಲೇ ಕರೆಯುತ್ತಿದ್ದಳು. ಈಗಲೂ ಹಾಗೇ ಕರೆಯುತ್ತಾಳೆ.

ಇದೇ ಹಳ್ಳಿಯ ಇನ್ನೊಂದು ಮುಖವನ್ನೂ ಹೇಳಬೇಕು. ಮನೆ ಕೇಳಲು ಹೋದಾಗ ನಮ್ಮ ಮುಂದೆ ಬಂದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಕೊಡ್ತೀರಿ ಅಂತಲ್ಲ, "ನೀವು ಯಾರ ಪೈಕಿ?" ಅಂತ. ಉತ್ತರ ಕೇಳಿ ಎರಡು ಕಡೆ ಬಾಗಿಲು ಹಾಕಿದರು. ಇದು ನನಗೆ ಇವತ್ತಿಗೂ ನೋವು. ಹಳ್ಳಿಯವರೆಲ್ಲ ಮುಗ್ಧರು ಅಂತ ಬರೆಯುವವರು ಒಮ್ಮೆ ಮನೆ ಹುಡುಕಿಕೊಂಡು ಓಣಿ ಓಣಿ ಸುತ್ತಬೇಕು.

ಈಗ ಹೊಲದ ವಿಷಯ. ಆ ನವೆಂಬರ್‌ನಲ್ಲಿ ಒಬ್ಬ ದಲ್ಲಾಳಿ ನಮಗೆ ನಾಲ್ಕು ಎಕರೆ ತೋರಿಸಿದ. ಕಣ್ಣು ಹೋದಷ್ಟೂ ಭತ್ತ. ತೆನೆ ಬಾಗಿ ನಿಂತಿತ್ತು. "ಎಲ್‌ಎಲ್‌ಸಿ ನೀರು, ವರ್ಷಕ್ಕೆ ಎರಡು ಬೆಳೆ, ಕಣ್ಣು ಮುಚ್ಚಿ ತಗೊಳ್ಳಿ" ಅಂದ. ಎಲ್‌ಎಲ್‌ಸಿ ಅಂದರೆ ತುಂಗಭದ್ರಾ ಡ್ಯಾಮಿನ ಕೆಳಮಟ್ಟದ ಕಾಲುವೆ. ನಮ್ಮ ಯಜಮಾನರು ಅರ್ಧ ಒಪ್ಪಿಬಿಟ್ಟಿದ್ದರು. ತಡೆದದ್ದು ಅದೇ ಅಜ್ಜಿ. "ತಂಗಿ, ಹಸುರು ನೋಡಿ ಹೊಲ ತಗೋಬ್ಯಾಡ. ಒಂದೆರಡು ಬ್ಯಾಸಿಗಿ ಕಳೀಲಿ" ಅಂದಳು.

ಕಳೆಯಿತು. 2023ರಲ್ಲಿ ಮಳೆ ಕೈಕೊಟ್ಟಿತು, ತುಂಗಭದ್ರಾ ಡ್ಯಾಮ್ ತುಂಬಲಿಲ್ಲ. ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಅದೇ ನಾಲ್ಕು ಎಕರೆಯನ್ನು 2024ರ ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಆಗಲೇ ತಿಳಿದದ್ದು, ಅದು ಉಪಕಾಲುವೆಯ ಕೊನೆಯಲ್ಲಿದ್ದ ಹೊಲ ಅಂತ. ನೀರು ಬಿಟ್ಟ ವರ್ಷವೂ ಮೇಲಿನವರ ಗದ್ದೆ ತುಂಬಿ ಉಳಿದದ್ದು ಅಲ್ಲಿಗೆ ಬರಬೇಕು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮ್ ಹೂಳು ತುಂಬಿ ಈಗ 105ರ ಹತ್ತಿರ ಬಂದು ನಿಂತಿದೆ. ಕಡಿಮೆಯಾದ ಆ ನೀರಿನ ಬಿಸಿ ಮೊದಲು ತಟ್ಟುವುದು ಕಾಲುವೆಯ ಕೊನೆಯವನಿಗೇ ಅಲ್ವಾ? ಒಪ್ಪಿದ್ದರೆ ನಮ್ಮ ಅಷ್ಟೂ ಉಳಿತಾಯ ಆ ಬಿರುಕಿನೊಳಗೆ ಹೋಗಿರುತ್ತಿತ್ತು.

ಇನ್ನೊಂದು ಮಾತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕರ್ನಾಟಕದಲ್ಲಿ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು. ಕೊಳ್ಳುವುದು ಸುಲಭವಾಗಿದೆ, ಅದೇ ನನಗೆ ಭಯ. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ನೀವೇ ತೆಗೆಸಿ ನೋಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ. ದಲ್ಲಾಳಿ ಇದನ್ನೆಲ್ಲ ತಾನಾಗಿ ಹೇಳುವುದಿಲ್ಲ.

ಕಾಗದದ ಅಲೆದಾಟ ಬೇರೆಯೇ. ಅಲ್ಲಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸದೆ ಇಲ್ಲಿ ಹೊಸದಕ್ಕೆ ಅರ್ಜಿ ಹಾಕುವಂತಿಲ್ಲ. 2023ರ ಜೂನ್ 11ರಿಂದ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ ಬಸ್ ಫ್ರೀ ಆಯಿತು. ನನ್ನ ಆಧಾರ್‌ನಲ್ಲಿ ಆಗ ಇನ್ನೂ ಆದೋನಿ ವಿಳಾಸ. ಸಿರುಗುಪ್ಪ ಸಂತೆಗೆ ಹೋಗುವಾಗ ಬಸ್ಸಿನಲ್ಲಿ ನಾನೊಬ್ಬಳೇ ಟಿಕೆಟ್ ತಗೊಳ್ಳುತ್ತಿದ್ದೆ. ದುಡ್ಡು ದೊಡ್ಡದಲ್ಲ, ಆದರೂ ಹೊರಗಿನವಳು ಅನ್ನೋದು ಆಗ ಚುಚ್ಚುತ್ತಿತ್ತು. ಪರಿಶಿಷ್ಟ ಜಾತಿ, ಪಂಗಡದವರು ಇನ್ನೂ ಹುಷಾರಾಗಿರಬೇಕು. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಜೊತೆಗೆ ಬರುವುದಿಲ್ಲ ಅಂತ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಕಾಲೇಜು ಹತ್ತಿರ ಬಂದಿದ್ದರೆ ಇದನ್ನು ಮೊದಲೇ ವಿಚಾರಿಸಿ.

ಶಾಲೆಯ ಬಗ್ಗೆ ನಾನು ಸುಮ್ನೆ ಹೆದರಿದ್ದೆ. ಮಗಳು ಅಲ್ಲಿ ತೆಲುಗು ಮೀಡಿಯಂನಲ್ಲಿ ನಾಲ್ಕನೇ ತರಗತಿ ಮುಗಿಸಿದ್ದಳು. ಕನ್ನಡ ಮಾತಾಡುತ್ತಿದ್ದಳು, ಬರೆಯಲು ಬರುತ್ತಿರಲಿಲ್ಲ. ಇಲ್ಲಿನ ಸರ್ಕಾರಿ ಶಾಲೆಯ ಮೇಡಂ ಊಟದ ಬಿಡುವಿನಲ್ಲಿ ದಿನಾ ಹತ್ತು ನಿಮಿಷ ಅವಳನ್ನು ಕೂರಿಸಿಕೊಂಡರು. "ಅಕ್ಷರ ನಿನಗೆ ಬರುತ್ತೆ, ತಲೆಕಟ್ಟು ಮಾತ್ರ ಬದಲಾಯಿಸು" ಅಂದರಂತೆ. ದಸರಾ ರಜೆಗೆ ಅವಳು ನನ್ನ ಅಮ್ಮನಿಗೆ ಕನ್ನಡದಲ್ಲಿ ಪತ್ರ ಬರೆದಳು. ಅಮ್ಮ ಅದನ್ನು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಊರಿನವರೆಲ್ಲ ಹಳ್ಳಿ ಕಟ್ಟೆ ಹತ್ತಿರ ಸೇರಿದ್ದರು. ನಾಟಿ ಆಗಿತ್ತು, ಡ್ಯಾಮ್ ಖಾಲಿಯಾದರೆ ಗತಿ ಏನು ಅಂತ ಎಲ್ಲರದೂ ಒಂದೇ ಮಾತು. ಅಷ್ಟರಲ್ಲಿ ಅಮ್ಮನ ಫೋನ್. ಅದೇ ಎಲ್‌ಎಲ್‌ಸಿ ಇಲ್ಲಿಂದ ಮುಂದೆ ಆದೋನಿ ಕಡೆಗೂ ಹೋಗುತ್ತದೆ. ಅವಳೂ ಅದನ್ನೇ ಕೇಳುತ್ತಿದ್ದಳು, "ನೀರು ಉಳೀತದಾ?" ಅಂತ. ಆ ದಿನ ಕಟ್ಟೆಯಲ್ಲಿದ್ದ ಯಾರೂ ನನ್ನನ್ನು ಆಂಧ್ರದವಳು ಅಂದುಕೊಳ್ಳಲಿಲ್ಲ. "ನಿಮ್ಮ ಕಡೆ ಏನಂತಾರ?" ಅಂತ ನನ್ನನ್ನೇ ಕೇಳಿದರು. ಆರೇಳು ದಿನದಲ್ಲಿ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿ ನೀರು ತಡೆದಾಗ ಅಮ್ಮನಿಗೆ ಮೊದಲು ಫೋನ್ ಮಾಡಿದ್ದು ನಾನೇ.

ತಮ್ಮಾ, ನೀನು ಬರುವುದಾದರೆ ನವೆಂಬರ್‌ನಲ್ಲಿ ಬರಬೇಡ. ಏಪ್ರಿಲ್ ಕೊನೆಗೆ ಬಾ, ಹೆಂಡತಿಯನ್ನೂ ಕರೆದುಕೊಂಡು ಬಾ. ಕಾಲುವೆ ಬಂದ್ ಆಗಿರುತ್ತದೆ. ಕುಡಿಯುವ ನೀರಿನ ಕೆರೆಯಲ್ಲಿ ಎಷ್ಟು ಉಳಿದಿದೆ, ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಮಧ್ಯಾಹ್ನ ಕರೆಂಟ್ ಇರುತ್ತದಾ, ರಾತ್ರಿ ಕೊನೆಯ ಬಸ್ ಎಷ್ಟು ಹೊತ್ತಿಗೆ, ಎಲ್ಲ ನಿಮ್ಮ ಕಣ್ಣಿಂದಲೇ ನೋಡಿ. ಹಿಡಿಸಿದರೆ ಎರಡು ವರ್ಷ ಬಾಡಿಗೆಗೆ ಇರಿ. ಹೊಲದ ದುಡ್ಡು ಅಲ್ಲಿಯ ತನಕ ಬ್ಯಾಂಕಿನಲ್ಲೇ ಇರಲಿ. ಅಜ್ಜಿಯ ಮನೆ ಹಿಂದಿನ ಎರಡು ಕೋಣೆ ಖಾಲಿ ಇವೆ. ಕೇಳಿದ್ದೇನೆ, ಕೊಡ್ತೀನಿ ಅಂದಿದ್ದಾಳೆ.