ಬಾಗಿಲು ಹಾಕ್ಕೊಳ್ಳಿ: ಯಾವ ಸಿನಿಮಾ?

ಕನ್ನಡ ರಾಜ್ಯೋತ್ಸವ ನವೆಂಬರ್ 1ಕ್ಕೆ. ನಮ್ಮ ಅಪಾರ್ಟ್‌ಮೆಂಟಿಗೆ ಅದು ಮೂರನೇ ಭಾನುವಾರ ಬಂತು. ಅದಕ್ಕೆ ಮೊದಲು ಕ್ಲಬ್‌ಹೌಸ್ ಖಾಲಿ ಇರಲಿಲ್ಲ. ಬಾವುಟ ಹಾರಿತು, ನಾಡಗೀತೆ ಮುಗಿಯಿತು, ಬಿಸಿಬೇಳೆಬಾತೂ ಮುಗಿಯಿತು. ಆಮೇಲೆ ಕ್ವಿಜ್. "ನಾನು ಡೈಲಾಗ್ ಹೇಳ್ತೀನಿ, ನೀವು ಸಿನಿಮಾ ಹೇಳಿ" ಅಂತ ಕ್ವಿಜ್ ಮಾಸ್ಟರ್ ಮೈಕ್ ಹಿಡಿದರು.

ಸುಲಭ ಅಂದುಕೊಂಡೆ. 'ಬಭ್ರುವಾಹನ' (1977) ಇದ್ದೇ ಇರುತ್ತದಲ್ಲ. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಅಪ್ಪ ಮಗ ಎದುರಾಬದುರಾ ನಿಂತು ಆಡುವ ಆ ಮಾತನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಒದರಿ ಗಂಟಲು ಕಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಕೇಳಿದರೆ ಮಾಸ್ಟರ್ ನಕ್ಕರು. "ಅದೆಲ್ಲಾ ಮಕ್ಕಳ ರೌಂಡು ಸಾರ್. ಇಲ್ಲಿ ಯಾರಿಗೂ ನೆನಪಿಲ್ಲದ ಡೈಲಾಗ್ ಮಾತ್ರ. ನಿಜವಾದ ಅಭಿಮಾನಿ ಯಾರು ಅಂತ ಗೊತ್ತಾಗಬೇಕಲ್ವಾ?"

ಮೊದಲ ಪ್ರಶ್ನೆ: "ಬಾಗಿಲು ಹಾಕ್ಕೊಳ್ಳಿ."

ಅಷ್ಟೇ. ಹಿಂದೆ ಇಲ್ಲ, ಮುಂದೆ ಇಲ್ಲ.

ಸಭೆ ಗಂಭೀರವಾಯಿತು. ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಕಣ್ಣು ಮುಚ್ಚಿ, ಇನ್ನೊಂದ್ಸಲ ಹೇಳಿ ಅಂದ. ಹೇಳಿದರು. "ಹಾಕಿಕೊಳ್ಳಿ ಅಲ್ಲ, ಹಾಕ್ಕೊಳ್ಳಿ. ಅಂದರೆ ಕಪ್ಪು ಬಿಳುಪು ಕಾಲದ್ದಲ್ಲ" ಎಂದು ತೀರ್ಪು ಕೊಟ್ಟ. ಹುಡುಗ ದಡ್ಡನಲ್ಲ. ಆಗಿನ ನಟರು ಬಹಳಷ್ಟು ಮಂದಿ ಕಂಪನಿ ನಾಟಕದಿಂದ ಬಂದವರು. ಮೈಕ್ ಇಲ್ಲದೆ ಕೊನೇ ಸಾಲಿನವರಿಗೂ ಕೇಳಿಸಿ ಅಭ್ಯಾಸ. ನೀರು ಕೇಳಿದರೂ ಯುದ್ಧ ಸಾರಿದ ಹಾಗೆ ಇರುತ್ತಿತ್ತು. ಇಷ್ಟೆಲ್ಲಾ ಗೊತ್ತಿರುವ ಹುಡುಗ ಅದನ್ನು ಬಾಗಿಲು ಹಾಕುವುದಕ್ಕೆ ಬಳಸಿದನಲ್ಲ ಅಂತ ಸಂಕಟವಾಯಿತು.

ಎರಡನೇದು: "ನಮ್ಮ ಪ್ರಯತ್ನ ನಾವು ಮಾಡಿದೀವಿ, ಇನ್ನೆಲ್ಲಾ ದೇವರ ಕೈಲಿದೆ." ಮೊದಲ ತಂಡ ಒಂದು ಸಿನಿಮಾ ಹೇಳಿತು. ಎರಡನೇ ತಂಡ ಇನ್ನೊಂದು, ಮೂರನೇದು ಮತ್ತೊಂದು. ಮೂರೂ ಸರಿಯೇ ಇರಬೇಕು. ಆ ಮಾತಿಲ್ಲದೆ ನಮ್ಮಲ್ಲಿ ಯಾವ ಆಪರೇಷನ್ ಥಿಯೇಟರಿನ ಕೆಂಪು ದೀಪ ಆರಿದೆ ಹೇಳಿ? ಆದರೆ ಮಾಸ್ಟರ್ ಚೀಟಿಯಲ್ಲಿ ನಾಲ್ಕನೇದೊಂದಿತ್ತು. ಜಗಳ ಬಿತ್ತು. ಮೊಬೈಲು ಹೊರಬಂದವು. ಹಿಂದಿನ ಸಾಲಿನಿಂದ ರಿಟೈರ್ಡ್ ಡಾಕ್ಟರೊಬ್ಬರು, "ನಾನೂ ಸರ್ವಿಸ್ ಪೂರ್ತಿ ಇದನ್ನೇ ಹೇಳಿದ್ದು ಕಣ್ರಯ್ಯಾ, ನನಗೂ ಅರ್ಧ ಮಾರ್ಕ್ಸ್ ಕೊಡಿ" ಅಂದರು. ಕೊಡಲಿಲ್ಲ.

ತಪ್ಪು ಹೇಳಿದವರ ಪಾಡು ಬೇಡ. ಹಾಸನದಲ್ಲಿ ಹುಟ್ಟಿ ಬೆಳೆದ ಹೆಂಗಸೊಬ್ಬರನ್ನು, "ಮೇಡಂ, ನೀವು ಕರ್ನಾಟಕಕ್ಕೆ ಬಂದು ಎಷ್ಟು ವರ್ಷ ಆಯ್ತು?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಹೇಳಿದ್ದು ಯಾರು, ಯಾವ ಸಿನಿಮಾ ಅಂತ ಕೇಳ್ತೀರಲ್ಲ, ಈ ಮಾತು ಬರೆದಿದ್ದು ಯಾರು?" ಅಂದೆ. ಮೌನ. ಚಿ. ಉದಯಶಂಕರ್ ಅಂದರೆ ಎಲ್ಲರೂ ಹಾಡು ಗುನುಗುತ್ತಾರೆ. ರಾಜ್‌ಕುಮಾರ್ ಬಾಯಲ್ಲಿ ಬಂದ ಎಷ್ಟೋ ಮಾತು ಅವರದೇ ಅನ್ನೋದು ಯಾರ ಚೀಟಿಯಲ್ಲೂ ಇರಲಿಲ್ಲ. ಅವರು ಹುಟ್ಟಿದ್ದು 1934ರಲ್ಲಿ. ಕನ್ನಡ ಸಿನಿಮಾಗೆ ಬಾಯಿ ಬಂದಿದ್ದೂ ಅದೇ ವರ್ಷ, 'ಸತಿ ಸುಲೋಚನಾ'ದಲ್ಲಿ. ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಶೂಟಿಂಗ್ ನಡೆದಿದ್ದು ಕೊಲ್ಹಾಪುರದಲ್ಲಿ. ಅದರ ಒಂದು ಪ್ರಿಂಟೂ ಉಳಿದಿಲ್ಲ.

ನನಗೂ ಹುರುಪು ಬಂತು. "ಅದರದ್ದೇ ಒಂದು ಡೈಲಾಗ್ ಹೇಳಿ ನೋಡೋಣ. ಯಾರಿಗೂ ನೆನಪಿಲ್ಲದ್ದು ಬೇಕು ಅಂದ್ರಲ್ಲ, ಇಡೀ ಸಿನಿಮಾನೇ ಅಂಥದ್ದು."

"ಆಪ್ಷನ್ಸ್ ಕೊಡಿ" ಅಂತು ಒಂದು ತಂಡ. ಮಾಸ್ಟರ್ ಮೊಬೈಲ್ ಕೆರೆದು ನೋಡಿ, "ಯೂಟ್ಯೂಬಲ್ಲಿ ಇಲ್ಲ ಸಾರ್. ಔಟ್ ಆಫ್ ಸಿಲಬಸ್" ಎಂದು ಮೈಕ್ ವಾಪಸ್ ಇಸ್ಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಸೆಕ್ಯುರಿಟಿಯವರು ಬಂದು ನಿಂತು, "ಸಾರ್, ಯಾರದೋ ಬಿಳಿ ಕಾರು ಗೇಟಿಗೆ ಅಡ್ಡ ನಿಂತದೆ, ವಸಿ ತೆಗೀರಿ" ಅಂದರು.

ಮೂರೂ ತಂಡದ ಕೈ ಒಟ್ಟಿಗೆ ಮೇಲೆದ್ದವು. "ಎಂಬತ್ತಾರನೇ ಇಸವಿದು!" ಅಂತ ಒಬ್ಬರು. "ಛೇ, ಮಂಡ್ಯ ಕಡೆ ಭಾಷೆ, ಅದಾದ ಮೇಲಿಂದು" ಅಂತ ಇನ್ನೊಬ್ಬರು. ಮಾಸ್ಟರ್ ಚೀಟಿ ತಿರುವುತ್ತಿದ್ದರು. ಗೇಟಿನ ಹತ್ತಿರ ಹಾರನ್ ಜಾಸ್ತಿಯಾಯಿತು.

ಕಾರು ನನ್ನದೇ. ಆದರೆ ಉತ್ತರ ಗೊತ್ತಾಗುವ ಮೊದಲೇ ಎದ್ದು ಹೋಗೋದು ಹೇಗೆ?