ಪಾಡ್‌ಕಾಸ್ಟ್, ಬಲಾಡೊ, ಬಾನುಲಿ

2004ರ ಫೆಬ್ರವರಿಯಲ್ಲಿ ಪತ್ರಕರ್ತ ಬೆನ್ ಹ್ಯಾಮರ್ಸ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಕೇಳುವ ಕಾರ್ಯಕ್ರಮಗಳಿಗೆ ಏನೆಂದು ಹೆಸರಿಡೋಣ ಎಂದು ಕೇಳಿ ಮೂರು ಪದ ಮುಂದಿಟ್ಟರು. ಅದರಲ್ಲಿ ಉಳಿದದ್ದು ‘ಪಾಡ್‌ಕಾಸ್ಟಿಂಗ್’. ಹಾಡು ಕೇಳುವ ಆ್ಯಪಲ್‌ನ ಪುಟ್ಟ ಸಾಧನ ಐಪಾಡ್‌ನ ಬಾಲಕ್ಕೆ, ಪ್ರಸಾರ ಎಂಬರ್ಥದ ಬ್ರಾಡ್‌ಕಾಸ್ಟ್‌ನ ಬಾಲ ಅಂಟಿಸಿದ್ದು, ಅಷ್ಟೇ. ‘ಪರ್ಸನಲ್ ಆನ್ ಡಿಮ್ಯಾಂಡ್’ನ ಮೊದಲಕ್ಷರಗಳಿಂದ ಪಾಡ್ ಆಯಿತು ಎಂಬ ವಿವರಣೆ ಮಗು ಹುಟ್ಟಿದ ಮೇಲೆ ತಿದ್ದಿ ಬರೆದ ಜಾತಕ. ಆ್ಯಪಲ್ 2022ರಲ್ಲಿ ಐಪಾಡನ್ನೇ ನಿಲ್ಲಿಸಿತು, ಪದ ಮಾತ್ರ ಗಟ್ಟಿಯಾಗಿದೆ.

ಬ್ರಾಡ್‌ಕಾಸ್ಟ್ ಮೂಲದಲ್ಲಿ ಹೊಲದ ಮಾತು. 18ನೇ ಶತಮಾನದ ಇಂಗ್ಲಿಷ್ ಬೇಸಾಯದಲ್ಲಿ, ಕೂರಿಗೆ ಹಿಡಿದು ಸಾಲಿಗೆ ಬಿತ್ತದೆ ಕೈ ಬೀಸಿ ಬೀಜ ಚೆಲ್ಲುವುದಕ್ಕೆ ಹಾಗೆನ್ನುತ್ತಿದ್ದರು. ನಮ್ಮ ‘ಬಿತ್ತರ’ವೂ ಬಿತ್ತನೆಯಿಂದಲೇ ಬಂದಂತೆ ಕೇಳಿಸುತ್ತದೆ. ಅಲ್ಲ, ಅದು ಸಂಸ್ಕೃತದ ‘ವಿಸ್ತರ’ದ ತದ್ಭವ. ನಿಜ ಹೇಳಬೇಕೆಂದರೆ ಪಾಡ್‌ಕಾಸ್ಟ್‌ನಲ್ಲಿ ಯಾರೂ ಏನನ್ನೂ ಚೆಲ್ಲುವುದಿಲ್ಲ. ಹೊಸ ಕಂತುಗಳ ಪಟ್ಟಿಯನ್ನು ಆ್ಯಪ್‌ಗಳು ಓದುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿರುವ ಕಡತಕ್ಕೆ ಆರೆಸ್ಸೆಸ್ (RSS) ಫೀಡ್ ಎನ್ನುತ್ತಾರೆ. ಅದರಲ್ಲಿ ‘ಎನ್‌ಕ್ಲೋಶರ್’ ಎಂಬ ಒಂದು ಟ್ಯಾಗ್ ಇರುತ್ತದೆ. ಆಡಿಯೋ ಫೈಲಿನ ವಿಳಾಸ, ಬೈಟ್‌ಗಳಲ್ಲಿ ಗಾತ್ರ, ಫೈಲಿನ ಬಗೆ, ಈ ಮೂರೂ ಅದರೊಳಗೆ. ಕೇಳುಗರ ಆ್ಯಪ್ ಆಗಾಗ ಫೀಡ್ ಇಣುಕಿ, ಹೊಸದಿದ್ದರೆ ಎಳೆದುಕೊಳ್ಳುತ್ತದೆ. ವಿಳಾಸ ತಪ್ಪಿದ್ದರೆ ಕಂತಿನ ಹೆಸರು ಕಾಣುತ್ತದೆ, ದನಿ ಹೊರಡುವುದಿಲ್ಲ.

ನಾನಿರುವ, ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯ ಕ್ವಿಬೆಕ್‌ನವರ ದಾರಿ ಬೇರೆ. ಇಲ್ಲಿನ ಸರ್ಕಾರಿ ಫ್ರೆಂಚ್ ಭಾಷಾ ಕಚೇರಿ 2004ರಲ್ಲೇ ‘ಬಲಾಡೊಡಿಫ್ಯೂಸಿಯೋಂ’ ಎಂಬ ಪದ ಕಟ್ಟಿತು. ವಾಕ್‌ಮನ್ನಿಗೆ ಫ್ರೆಂಚಿನಲ್ಲಿ ಬಲಾಡರ್, ಪ್ರಸಾರಕ್ಕೆ ಡಿಫ್ಯೂಸಿಯೋಂ. ಬಾಯಿಗೆ ಉದ್ದವಾಯಿತು, ಜನ ಕತ್ತರಿಸಿ ‘ಬಲಾಡೊ’ ಮಾಡಿಕೊಂಡರು. ಯಾರೂ ಮೈಲಿಗೆ ಎನ್ನಲಿಲ್ಲ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ರೇಡಿಯೋ-ಕೆನಡಾ ತನ್ನ ಆ್ಯಪ್‌ನಲ್ಲಿ ಅದನ್ನೇ ಹಾಕಿತು. ಪ್ಯಾರಿಸ್ಸಿನವರು ಪಾಡ್‌ಕಾಸ್ಟ್ ಎಂದೇ ಅನ್ನುತ್ತಾರೆ.

ನಮ್ಮ ಕತ್ತರಿ ಲೋಪಸಂಧಿ. ಬಾನು, ಉಲಿ ಸೇರಿ ಬಾನುಲಿ. ಮಿಂಚು, ಅಂಚೆ ಸೇರಿ ಮಿಂಚಂಚೆ. ಒಂದು ಸ್ವರ ಬೀಳುತ್ತದೆ, ಅದಕ್ಕಿಂತ ಒರಟಾಗಿ ಕತ್ತರಿಸಲು ನಮಗೆ ಕೈ ಬರುವುದಿಲ್ಲ. ‘ದೂರವಾಣಿ’ ಲಗ್ನಪತ್ರಿಕೆಯಲ್ಲಿ ಉಳಿದು ಬಾಯಲ್ಲಿ ‘ಫೋನ್’ ಆದದ್ದು ಇದರಿಂದಲೇ ಎಂದು ನನ್ನ ಲೆಕ್ಕ. ‘ಆಕಾಶವಾಣಿ’ ಉದ್ದವಿದ್ದೂ ಬದುಕಿತಲ್ಲ ಎನ್ನಬಹುದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರುಮಾಡಿದ ಕೇಂದ್ರಕ್ಕೆ ಬಂದ ಹೆಸರದು. ಅದನ್ನು ರೇಡಿಯೋ ತಾನೇ ದಿನವೂ ಹೇಳಿ ಹೇಳಿ ಕಿವಿಗೆ ಹತ್ತಿಸಿತು.

ಪಾಡ್‌ಕಾಸ್ಟಿಗೆ ಕನ್ನಡ ಪದ ಬೇಕೆನ್ನುವವರು ನಿಘಂಟಿನವರಿಗಿಂತ ಮೊದಲು ಆ್ಯಪ್ ಮಾಡುವವರನ್ನು ಹಿಡಿಯಲಿ. ನಾಲ್ಕಕ್ಷರದೊಳಗೆ ಮುಗಿಸಲಿ, ಉದ್ದವಾದರೆ ಫೋನಿನ ಮೆನುವಿನಲ್ಲಿ ಅರ್ಧಕ್ಕೇ ಮೂರು ಚುಕ್ಕಿ ಬೀಳುತ್ತದೆ.